ಐವತ್ತರ ಹೊಸ್ತಿಲಲ್ಲಿ ಮೊದಲ ಈಜು ಸ್ಪರ್ಧೆ: ಹೆದರಬೇಕಾದದ್ದು ಯಾವುದಕ್ಕೆ?

ಪ್ರಶ್ನೆ: ನನಗೆ 49 ವರ್ಷ, ಇದೇ ನವೆಂಬರ್‌ಗೆ 50 ತುಂಬುತ್ತದೆ. ಈಜು ಕಲಿತದ್ದು 41ನೇ ವಯಸ್ಸಿನಲ್ಲಿ. ವಾರಕ್ಕೆ ಮೂರು ದಿನ ಕೊಳಕ್ಕೆ ಹೋಗುತ್ತೇನೆ. 1000 ಮೀಟರ್ ಫ್ರೀಸ್ಟೈಲ್ ನಿಲ್ಲದೆ ಈಜಬಲ್ಲೆ, ಅದಕ್ಕೆ 24 ನಿಮಿಷ ಹಿಡಿಯುತ್ತದೆ. ಬ್ರೆಸ್ಟ್‌ಸ್ಟ್ರೋಕ್ ಕೂಡ ಬರುತ್ತದೆ. ನಾಲ್ಕು ತಿಂಗಳ ನಂತರ ಮಾಸ್ಟರ್ಸ್ (ವಯಸ್ಕರ) ಈಜು ಚಾಂಪಿಯನ್‌ಶಿಪ್ ಇದೆ, ಜೊತೆಯವರು ಹೆಸರು ಕೊಡು ಎಂದು ಹಟ ಹಿಡಿದಿದ್ದಾರೆ. ಶಾಲೆಯಲ್ಲಾಗಲಿ ಕಾಲೇಜಿನಲ್ಲಾಗಲಿ ನಾನು ಯಾವ ಆಟಕ್ಕೂ ಇಳಿದವಳಲ್ಲ. ಬ್ಲಾಕ್ (ಕೊಳದ ಅಂಚಿನಲ್ಲಿ ಹಾರಿ ಹೊರಡುವ ಕಟ್ಟೆ) ಮೇಲಿಂದ ಡೈವ್ ಹೊಡೆಯಲು ಬರುವುದಿಲ್ಲ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಎಲ್ಲರೂ ಮುಗಿಸಿ ಹತ್ತಿದ ಮೇಲೆ ನಾನೊಬ್ಬಳೇ ನೀರಿನಲ್ಲಿ ಉಳಿದುಬಿಟ್ಟರೆ ಎಂಬ ಯೋಚನೆಗೇ ಎದೆ ಡವಗುಟ್ಟುತ್ತದೆ. ನಾನು ಸ್ಪರ್ಧಿಸಬಹುದೇ? ಯಾವುದಕ್ಕೆ ಹೆಸರು ಕೊಡಲಿ, ಹೇಗೆ ತಯಾರಾಗಲಿ?

ಉತ್ತರ: ಖಂಡಿತ ಸ್ಪರ್ಧಿಸಿ. 1000 ಮೀಟರ್ ನಿಲ್ಲದೆ ಈಜುವ ಶಕ್ತಿ ನಿಮ್ಮಲ್ಲಿದೆ, ನಾಲ್ಕು ತಿಂಗಳ ಸಮಯವಿದೆ. ಮೊದಲ ಸ್ಪರ್ಧೆಗೆ ಇಷ್ಟು ಬಂಡವಾಳ ಧಾರಾಳವಾಗಿ ಸಾಕು. ಆದರೆ ನೀವು ಹೆದರುತ್ತಿರುವುದು ಹೆದರಬೇಕಿಲ್ಲದ ವಿಷಯಕ್ಕೆ. ಗಮನ ಕೊಡಬೇಕಾದ ಒಂದೆರಡು ಸಂಗತಿ ನಿಮ್ಮ ಪತ್ರದಲ್ಲಿ ಬಂದೇ ಇಲ್ಲ.

ಕೊನೆಯಲ್ಲಿ ಉಳಿಯುವ ಭಯವನ್ನೇ ಮೊದಲು ತೆಗೆದುಕೊಳ್ಳೋಣ. ಹೆಸರು ಕೊಡುವಾಗ ನಿಮ್ಮ ಅಂದಾಜು ವೇಳೆಯನ್ನೂ ಕೇಳುತ್ತಾರೆ. ಬಹುತೇಕ ಮಾಸ್ಟರ್ಸ್ ಕೂಟಗಳಲ್ಲಿ ಆ ವೇಳೆಯನ್ನು ನೋಡಿಯೇ ಹೀಟ್, ಅಂದರೆ ಒಟ್ಟಿಗೆ ನೀರಿಗಿಳಿಯುವವರ ಗುಂಪು, ಮಾಡುತ್ತಾರೆ. 100 ಮೀಟರಿಗೆ ಎರಡು ನಿಮಿಷ ಬೇಕಾದವರು ಎರಡು ನಿಮಿಷದವರ ಜೊತೆಗೇ ಇಳಿಯುತ್ತಾರೆ. ನಿಮ್ಮ ಎಡಗಡೆಯ ಲೇನಿನಲ್ಲಿ 31 ವರ್ಷದವರು, ಬಲಗಡೆ 74 ವರ್ಷದವರು ಇರಬಹುದು. ಪದಕ ಕೊಡುವಾಗ ಮಾತ್ರ ವಯೋವರ್ಗವಾರು ವಿಂಗಡಿಸುತ್ತಾರೆ. ಹಾಗಾಗಿ ಗೋಡೆ ಮೊದಲು ಮುಟ್ಟಿದವರು ತಮ್ಮ ವರ್ಗದಲ್ಲಿ ಆರನೆಯವರಾಗಿರಬಹುದು, ಕೊನೆಗೆ ಮುಟ್ಟಿದ 74ರ ಅಜ್ಜಿ ಚಿನ್ನ ಗೆದ್ದಿರಬಹುದು. ಗ್ಯಾಲರಿಯಲ್ಲಿ ಕುಳಿತವರಿಗೆ ಅದು ಗೊತ್ತಾಗುವುದೇ ಇಲ್ಲ. ನೀವು ಮಾಡಬೇಕಾದ್ದು ಇಷ್ಟೇ: ಎಂಟ್ರಿಯಲ್ಲಿ ಪ್ರಾಮಾಣಿಕವಾದ ವೇಳೆ ಬರೆಯಿರಿ. ಸಂಕೋಚದಿಂದ ಇಪ್ಪತ್ತು ಸೆಕೆಂಡು ಕಡಿಮೆ ಬರೆದು ವೇಗದ ಹೀಟಿನಲ್ಲಿ ಸಿಕ್ಕಿಹಾಕಿಕೊಂಡವರೇ ನೀವು ಹೆದರುವ ಹಾಗೆ ನೀರಿನಲ್ಲಿ ಒಂಟಿಯಾಗುತ್ತಾರೆ.

ವಯೋವರ್ಗದ ಲೆಕ್ಕ ನಿಮ್ಮ ವಿಷಯದಲ್ಲಿ ಸ್ವಾರಸ್ಯಕರವಾಗಿದೆ. ಮಾಸ್ಟರ್ಸ್ 25ರಿಂದ ಶುರುವಾಗುತ್ತದೆ. 25–29, 30–34 ಹೀಗೆ ಐದೈದು ವರ್ಷಕ್ಕೆ ಒಂದು ವರ್ಗ, ಮೇಲೆ ಮಿತಿಯೇ ಇಲ್ಲ. ಅಂತರರಾಷ್ಟ್ರೀಯ ಈಜು ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್‌ನ ನಿಯಮದಂತೆ ಆ ವರ್ಷದ ಡಿಸೆಂಬರ್ 31ಕ್ಕೆ ನಿಮಗೆಷ್ಟು ವಯಸ್ಸೋ ಅದೇ ವರ್ಷವಿಡೀ ನಿಮ್ಮ ವಯಸ್ಸು. ಅಂದರೆ ನವೆಂಬರ್ ಬರುವ ಮೊದಲೇ ನೀವು 50–54ರ ವರ್ಗಕ್ಕೆ ಸೇರಿದವರು, ಅದೂ ಆ ವರ್ಗದ ಅತಿ ಕಿರಿಯರಲ್ಲಿ ಒಬ್ಬರು. ಆಸ್ಟ್ರೇಲಿಯಾದ ಜಾರ್ಜ್ ಕೊರೋನ್ಸ್ 2018ರ ಫೆಬ್ರವರಿಯಲ್ಲಿ 100–104ರ ವರ್ಗದಲ್ಲಿ 50 ಮೀಟರ್ ಫ್ರೀಸ್ಟೈಲನ್ನು 56.12 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದಾಗ ಅವರಿಗೆ ನಿಜಕ್ಕೂ 99. ನೂರು ತುಂಬಲು ಇನ್ನೂ ಕೆಲವು ವಾರ ಬಾಕಿಯಿತ್ತು. ಕೆಲವು ಕಡೆ ಸ್ಥಳೀಯ ಕೂಟಗಳಲ್ಲಿ ಸ್ಪರ್ಧೆಯ ದಿನದ ವಯಸ್ಸನ್ನೇ ಹಿಡಿಯುವುದುಂಟು, ಎಂಟ್ರಿ ಫಾರಂ ಓದಿ ನೋಡಿ. ಐದು ವರ್ಷಕ್ಕೊಮ್ಮೆ ಮೇಲಿನ ವರ್ಗಕ್ಕೆ ಹೋಗುವ ಹುಟ್ಟುಹಬ್ಬಕ್ಕಾಗಿ ಜನ ಕಾಯುವುದನ್ನು ನಾನು ಈ ಕ್ರೀಡೆಯಲ್ಲಿ ಮಾತ್ರ ನೋಡಿದ್ದೇನೆ.

41ಕ್ಕೆ ಕಲಿತದ್ದು ತಡವಾಯಿತು ಎಂಬ ಕೊರಗು ನಿಮ್ಮ ಪತ್ರದಲ್ಲಿ ಅಲ್ಲಲ್ಲಿ ಇಣುಕುತ್ತದೆ. ಜಪಾನಿನ ಮಿಯೆಕೊ ನಗಾವೊಕಾ ಈಜಲು ತೊಡಗಿದ್ದೇ 80 ದಾಟಿದ ಮೇಲೆ. 2015ರಲ್ಲಿ, ನೂರರ ವಯಸ್ಸಿನಲ್ಲಿ, ಮಾತ್ಸುಯಾಮದ ಕೊಳದಲ್ಲಿ ಆಕೆ 1500 ಮೀಟರನ್ನು ಬ್ಯಾಕ್‌ಸ್ಟ್ರೋಕ್‌ನಲ್ಲೇ ಈಜಿ 1 ಗಂಟೆ 15 ನಿಮಿಷ 54.39 ಸೆಕೆಂಡಿಗೆ ಮುಗಿಸಿದರು. ಆ ವಯಸ್ಸಿನಲ್ಲಿ ಆ ದೂರವನ್ನು ಸ್ಪರ್ಧೆಯಲ್ಲಿ ಮುಗಿಸಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಫ್ರೀಸ್ಟೈಲ್ ಎಂಬ ಸ್ಪರ್ಧೆಯಲ್ಲಿ ಯಾವ ಶೈಲಿಯಲ್ಲಾದರೂ ಈಜಬಹುದು ಎಂಬುದು ನಿಮಗೂ ನೆನಪಿರಲಿ. ಉಸಿರು ಕಟ್ಟಿದಂತಾದರೆ ಎರಡು ಬಾರಿ ಬ್ರೆಸ್ಟ್‌ಸ್ಟ್ರೋಕ್ ಹೊಡೆದು ಸುಧಾರಿಸಿಕೊಂಡು ಮುಂದುವರಿಯುವುದು ತಪ್ಪಲ್ಲ.

ತಡವಾಗಿ ಕಲಿತವರಿಗೆ ಒಂದು ಅನುಕೂಲವೂ ಇದೆ. ಬಾಲ್ಯದಿಂದ ಈಜಿದವರು ಐವತ್ತರಲ್ಲಿ ತಮ್ಮ ಇಪ್ಪತ್ತರ ವೇಳೆಯನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. ನಿಮ್ಮ ಅತ್ಯುತ್ತಮ ವೇಳೆಗಳೆಲ್ಲ ಇನ್ನು ಮುಂದೆ ಬರಬೇಕಾದವು. ಅಮೆರಿಕದ ಮಾಸ್ಟರ್ಸ್ ಈಜುಗಾರರ ವೇಳೆಗಳನ್ನು ಹಿರೋಫುಮಿ ತನಾಕಾ ಮತ್ತು ಡಗ್ಲಸ್ ಸೀಲ್ಸ್ ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದರು. ನಿರಂತರ ತರಬೇತಿಯಲ್ಲಿರುವವರ 1500 ಮೀಟರಿನ ಸಾಮರ್ಥ್ಯ 35–40ರ ನಂತರ ನಿಧಾನವಾಗಿ, ಒಂದೇ ಸಮನೆ ಇಳಿಯುತ್ತದೆ, ಜೋರಾಗಿ ಕುಸಿಯುವುದು ಸುಮಾರು 70ರ ನಂತರವೇ ಎಂದು ಅದರಲ್ಲಿ ಕಂಡುಬಂತು. ವೇಗ ಎರಡು ಪಟ್ಟಾದರೆ ನೀರಿನ ಪ್ರತಿರೋಧ ಸುಮಾರು ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ಸೊಂಟ ಮೇಲೆ ತೇಲುವಂತೆ ಮಾಡುವ, ತಲೆ ಎತ್ತದೆ ಉಸಿರು ತೆಗೆದುಕೊಳ್ಳುವ ಚಿಕ್ಕ ತಿದ್ದುಪಡಿಗಳು ಸ್ನಾಯುಬಲಕ್ಕಿಂತ ಹೆಚ್ಚು ಸೆಕೆಂಡುಗಳನ್ನು ಉಳಿಸುತ್ತವೆ. ಎಂಟು ವರ್ಷ ಈಜಿದವರಲ್ಲಿ ಇಂಥ ತಿದ್ದುಪಡಿಗಳಿಗೆ ಇನ್ನೂ ಬಹಳ ಜಾಗವಿರುತ್ತದೆ.

ಇನ್ನು ಡೈವ್. ಮಾಸ್ಟರ್ಸ್ ನಿಯಮದಲ್ಲಿ ಬ್ಲಾಕ್ ಹತ್ತಲೇಬೇಕೆಂದಿಲ್ಲ. ಕೊಳದ ಅಂಚಿನಿಂದ ಹಾರಬಹುದು. ಇಲ್ಲವೇ ನೀರಿಗಿಳಿದು, ಒಂದು ಕೈಯಲ್ಲಿ ಗೋಡೆ ಹಿಡಿದು, ಸಂಕೇತ ಬಂದಾಗ ಕಾಲಿನಿಂದ ಒದ್ದು ಹೊರಡಬಹುದು. ನಿಮ್ಮ ಮೊದಲ ಸ್ಪರ್ಧೆಗೆ ನಾನು ಹೇಳುವುದು ಇದನ್ನೇ. ಹೀಟಿಗೆ ಮುಂಚೆ ಸ್ಟಾರ್ಟರ್‌ಗೆ ಒಂದು ಮಾತು ಹೇಳಿದರಾಯಿತು. ನಾಲ್ಕು ತಿಂಗಳಲ್ಲಿ ಡೈವ್ ಕಲಿಯಲೂಬಹುದು. ಆದರೆ ಆಳವಾದ ನೀರಿನಲ್ಲಿ, ಕೋಚ್ ಪಕ್ಕದಲ್ಲಿರುವಾಗ, ಮೊದಲು ಅಂಚಿನಲ್ಲಿ ಕುಳಿತು, ಆಮೇಲೆ ಮಂಡಿಯೂರಿ, ಆಮೇಲೆ ನಿಂತು ಕಲಿಯಬೇಕು. ಸ್ಪರ್ಧೆಯ ಬ್ಲಾಕ್ ಇರುವ ಕಡೆ ನೀರು ಕನಿಷ್ಠ 1.35 ಮೀಟರ್ ಆಳವಿರಬೇಕು ಎಂಬುದು ನಿಯಮ. ಡೈವ್ ಗೊತ್ತಿಲ್ಲದವರು ತಲೆ ತಗ್ಗಿಸಿ ನೆಟ್ಟಗೆ ಧುಮುಕಿದರೆ ಆ ಆಳ ಏನೇನೂ ಸಾಲದು. ಕುತ್ತಿಗೆಯ ಮೂಳೆ ಮುರಿಯುವುದು ಹೀಗೆಯೇ. ಯೂಟ್ಯೂಬ್ ನೋಡಿ ಒಬ್ಬರೇ ಪ್ರಯತ್ನಿಸಬೇಡಿ.

ಈಗ ನೀವು ಕೇಳದ ವಿಷಯಕ್ಕೆ ಬರುತ್ತೇನೆ, ಅದೇ ಎಲ್ಲಕ್ಕಿಂತ ಮುಖ್ಯ. ದೊಡ್ಡವರಾದ ಮೇಲೆ ಈಜು ಕಲಿತವರ ಅಭ್ಯಾಸ ಬಹುಪಾಲು ಒಂದೇ ತೆರನಾಗಿರುತ್ತದೆ: ಕೊಳಕ್ಕಿಳಿದರು, ಒಂದೇ ವೇಗದಲ್ಲಿ ನಲವತ್ತು ಲ್ಯಾಪ್ ಹೊಡೆದರು, ಹತ್ತಿದರು. ಆರೋಗ್ಯಕ್ಕೆ ಅದು ಒಳ್ಳೆಯದೇ. ಆದರೆ ಸ್ಪರ್ಧೆಯ 100 ಮೀಟರ್ ಬೇರೆಯದೇ ಕೆಲಸ, ಅದನ್ನು ದೇಹಕ್ಕೆ ಪ್ರತ್ಯೇಕವಾಗಿ ಕಲಿಸಬೇಕು.

ನನ್ನಲ್ಲಿ ತರಬೇತಿ ಪಡೆಯುತ್ತಿದ್ದ 56 ವರ್ಷದ ಒಬ್ಬರ ಮೊದಲ 100 ಫ್ರೀಸ್ಟೈಲ್ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕೊಳ 25 ಮೀಟರಿನದು. ಅಭ್ಯಾಸದಲ್ಲಿ ಒಂದು ಉದ್ದಕ್ಕೆ 20 ಕೈ ಹಾಕುವವರು ಆ ದಿನ ಮೊದಲ ಉದ್ದಕ್ಕೆ 26 ಹಾಕಿದರು. ನಾನು ಅಂಚಿನಲ್ಲಿ ನಿಂತು ಎಣಿಸುತ್ತಿದ್ದೆ. 50 ಮೀಟರ್ 47 ಸೆಕೆಂಡಿಗೆ ಮುಟ್ಟಿದರು. ಅಭ್ಯಾಸದಲ್ಲಿ ಎಂದೂ ಅಷ್ಟು ಬೇಗ ಮುಟ್ಟಿದ್ದಿಲ್ಲ. ಮೂರನೆಯ ಉದ್ದದ ನಡುವೆ ಮೊಣಕೈ ನೀರಿಗೆ ಬೀಳತೊಡಗಿತು. ಬಾಯಿ ತೆರೆದುಕೊಂಡೇ ಇತ್ತು. ನಾಲ್ಕನೆಯದರಲ್ಲಿ ಕಾಲು ಎರಡೂ ಕೆಳಗಿಳಿದು ದೇಹ ಓರೆಯಾಯಿತು, ಕೊನೆಯ ಹತ್ತು ಮೀಟರ್ ಏಣಿ ಹತ್ತಿದ ಹಾಗೆ ಬಂದರು. ಎರಡನೆಯ 50ಕ್ಕೆ 68 ಸೆಕೆಂಡು. ಒಟ್ಟು 1 ನಿಮಿಷ 55. ಗೋಡೆ ಹಿಡಿದು ಎರಡು ನಿಮಿಷ ಅವರಿಗೆ ಮಾತೇ ಹೊರಡಲಿಲ್ಲ. ಆರು ವಾರದ ನಂತರ ಇನ್ನೊಂದು ಕೂಟದಲ್ಲಿ, ಅದೇ ದೇಹ, ಅದೇ ಉಸಿರು, ಮೊದಲ 50 ಮೀಟರ್ 53, ಎರಡನೆಯದು 57: 1 ನಿಮಿಷ 50. ನಡುವೆ ಅವರ ಬಲ ಹೆಚ್ಚಿರಲಿಲ್ಲ. ಮೊದಲ 25 ಮೀಟರಿನಲ್ಲಿ ಕೈ ಎಣಿಸುವುದನ್ನು ಮಾತ್ರ ಕಲಿತಿದ್ದರು.

ಸ್ಪರ್ಧೆಯ ದಿನ ಅಡ್ರಿನಲಿನ್ ಏರಿರುವಾಗ ಮೊದಲ ಉದ್ದ ಹಗುರವಾಗಿ, ಏನೂ ಶ್ರಮವಿಲ್ಲದಂತೆ ಅನಿಸುತ್ತದೆ. ಆ ಅನಿಸಿಕೆ ಸುಳ್ಳು. ಸ್ನಾಯುವಿನಲ್ಲಿ ಸಿದ್ಧವಾಗಿರುವ ಇಂಧನ ಕೆಲವೇ ಸೆಕೆಂಡಿನದು, ಅದು ಮುಗಿದ ಮೇಲೆ ಆಮ್ಲಜನಕವಿಲ್ಲದೆ ಗ್ಲೂಕೋಸ್ ಉರಿಸುವ ದಾರಿ ಹಿಡಿಯಬೇಕಾಗುತ್ತದೆ. ಆರಂಭದಲ್ಲೇ ಅತಿ ಮಾಡಿದ್ದರೆ ಎಪ್ಪತ್ತನೆಯ ಮೀಟರಿನಲ್ಲಿ ಕೈಕಾಲು ಕಲ್ಲಾಗುತ್ತದೆ. ಆದ್ದರಿಂದ ನಿಮ್ಮ ತಯಾರಿಯ ತಿರುಳು ಇದು: ಗುರಿಯ ವೇಗ ಹೇಗಿರುತ್ತದೆಂದು ಕೈಗೆ ಗೊತ್ತಾಗಬೇಕು.

1000 ಮೀಟರಿಗೆ 24 ನಿಮಿಷ ಎಂದರೆ 100ಕ್ಕೆ 2 ನಿಮಿಷ 24 ಸೆಕೆಂಡು. ನಾಲ್ಕು ತಿಂಗಳಲ್ಲಿ ಒಂದೇ ಒಂದು 100 ಮೀಟರನ್ನು 2 ನಿಮಿಷ 2 ಸೆಕೆಂಡಿನ ಆಸುಪಾಸಿನಲ್ಲಿ ಈಜುವುದು ನಿಮಗೆ ಕೈಗೆಟುಕುವ ಗುರಿ. ಅಂದರೆ 25 ಮೀಟರಿಗೆ ಮೂವತ್ತೂವರೆ ಸೆಕೆಂಡು. ವಾರದ ಮೂರು ದಿನದಲ್ಲಿ ಒಂದನ್ನು ಇದಕ್ಕೇ ಮೀಸಲಿಡಿ. ಆರಂಭದಲ್ಲಿ ಎಂಟು ಸಲ 25 ಮೀಟರ್, ಪ್ರತಿಯೊಂದೂ ಸರಿಯಾಗಿ 30–31 ಸೆಕೆಂಡಿನಲ್ಲಿ, ನಡುವೆ ಅರ್ಧ ನಿಮಿಷ ವಿಶ್ರಾಂತಿ. 27ಕ್ಕೆ ಮುಟ್ಟಿದರೆ ಅದೂ ತಪ್ಪೇ ಎಂದು ತಿಳಿಯಿರಿ. ಇದು ಹಿಡಿತಕ್ಕೆ ಬಂದ ಮೇಲೆ ಹನ್ನೆರಡು ಸಲ, ಆಮೇಲೆ ಆರು ಸಲ 50 ಮೀಟರ್, ಒಂದೊಂದಕ್ಕೂ 61 ಸೆಕೆಂಡು. ಕೊನೆಯ ಐದಾರು ವಾರ ತುಂಡು ನೂರು: 25 ಈಜಿ ಗೋಡೆಯಲ್ಲಿ 10 ಸೆಕೆಂಡು ನಿಂತು, ಮತ್ತೆ 25, ಹೀಗೆ ನಾಲ್ಕು. ಗಡಿಯಾರ ತೋರಿಸುವ ಒಟ್ಟು ವೇಳೆಯಲ್ಲಿ ಮೂರು ವಿಶ್ರಾಂತಿಯ 30 ಸೆಕೆಂಡು ಕಳೆದರೆ ನಿಮ್ಮ ಸ್ಪರ್ಧೆಯ ವೇಳೆಯ ಒಳ್ಳೆಯ ಅಂದಾಜು ಸಿಗುತ್ತದೆ. ಎಂಟ್ರಿ ಫಾರಂನಲ್ಲಿ ಇದಕ್ಕಿಂತ ಎರಡು ಮೂರು ಸೆಕೆಂಡು ಹೆಚ್ಚು ಬರೆಯಿರಿ. ಎರಡನೆಯ ದಿನ ಟರ್ನ್ ಮತ್ತು ತಂತ್ರಕ್ಕೆ, ಮೂರನೆಯ ದಿನ ನಿಮ್ಮ ಎಂದಿನ ನಿಧಾನದ ದೂರದ ಈಜಿಗೆ. ಜೋರಿನ ದಿನದ ನಂತರ ಒಂದು ದಿನವಾದರೂ ಬಿಡುವು ಇರಲಿ. ಈ ವಯಸ್ಸಿನಲ್ಲಿ ಸ್ನಾಯು ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು.

ಟರ್ನ್ ಬಗ್ಗೆ ಒಂದು ಮಾತು. ಕೊಳ 25 ಮೀಟರಿನದಾದರೆ 100ರಲ್ಲಿ ಮೂರು ಟರ್ನ್, 50 ಮೀಟರಿನದಾದರೆ ಒಂದೇ. ಹೆಸರು ಕೊಡುವ ಮುನ್ನ ಯಾವ ಕೊಳ ಎಂದು ವಿಚಾರಿಸಿ, ವೇಳೆಯಲ್ಲಿ ಸಾಕಷ್ಟು ವ್ಯತ್ಯಾಸ ಬರುತ್ತದೆ. ನೀರಿನಡಿ ಲಾಗ ಹಾಕುವ ಫ್ಲಿಪ್ ಟರ್ನ್ ಬರದಿದ್ದರೆ ಚಿಂತೆಯಿಲ್ಲ. ಕೈಯಿಂದ ಮುಟ್ಟಿ ಚುರುಕಾಗಿ ತಿರುಗುವುದನ್ನೇ ಕಲಿಯಿರಿ. ಒದ್ದು ಹೊರಟಾಗ ಎರಡೂ ತೋಳು ಕಿವಿಗೆ ಒತ್ತಿ, ಅಂಗೈ ಮೇಲೆ ಅಂಗೈ ಇಟ್ಟು, ಬಾಣದಂತೆ ಮೂರು ನಾಲ್ಕು ಮೀಟರ್ ಜಾರಬೇಕು. ಆ ಕ್ಷಣದ ವೇಗ ನೀವು ಈಜಿ ಗಳಿಸುವ ವೇಗಕ್ಕಿಂತ ಹೆಚ್ಚಿನದು. ಬಹಳ ಮಂದಿ ಒದ್ದ ಕೂಡಲೇ ತಲೆ ಎತ್ತಿ ಅದನ್ನು ಕಳೆದುಕೊಳ್ಳುತ್ತಾರೆ.

ಯಾವುದಕ್ಕೆ ಹೆಸರು ಕೊಡಬೇಕು? ನನ್ನ ಸಲಹೆ 100 ಫ್ರೀಸ್ಟೈಲ್ ಮತ್ತು 50 ಬ್ರೆಸ್ಟ್‌ಸ್ಟ್ರೋಕ್. ಅವೆರಡೂ ಒಂದೇ ಗಂಟೆಯೊಳಗೆ ಬರುವಂತಿದ್ದರೆ ಎರಡನೆಯದನ್ನು ಬಿಡಿ. ಬಟರ್‌ಫ್ಲೈನಲ್ಲಿ ಸ್ಪರ್ಧಿಗಳು ಕಡಿಮೆ, ಸುಲಭವಾಗಿ ಪದಕ ಸಿಗುತ್ತದೆ ಎಂದು ಯಾರಾದರೂ ಹುರಿದುಂಬಿಸಿದರೆ ಈ ಸಲ ಕಿವಿಗೊಡಬೇಡಿ. ಮಾಸ್ಟರ್ಸ್‌ನಲ್ಲಿ ಬಟರ್‌ಫ್ಲೈಗೆ ಬ್ರೆಸ್ಟ್‌ಸ್ಟ್ರೋಕ್ ಕಿಕ್ ಹೊಡೆಯಲು ಅನುಮತಿ ಇರುವುದು ನಿಜ. ಆದರೂ ಭುಜಕ್ಕೆ ಆ ಭಾರ ಹಠಾತ್ತಾಗಿ ಹಾಕಬಾರದು.

ಬ್ರೆಸ್ಟ್‌ಸ್ಟ್ರೋಕ್ ಎಂದಾಗ ನಿಮ್ಮ ನಿಜವಾದ ಅಪಾಯ ಹೇಳಿಬಿಡುತ್ತೇನೆ. ಅದು ಕೊನೆಯ ಸ್ಥಾನವಲ್ಲ, ಅನರ್ಹತೆ. ಪ್ರತಿ ಟರ್ನ್‌ನಲ್ಲೂ ಮುಕ್ತಾಯದಲ್ಲೂ ಎರಡೂ ಕೈ ಏಕಕಾಲಕ್ಕೆ, ಒಂದರಿಂದೊಂದು ಬೇರೆಯಾಗಿ ಗೋಡೆ ಮುಟ್ಟಬೇಕು. ಪಕ್ಕದ ಲೇನಿನತ್ತ ಕಣ್ಣು ಹಾಯಿಸುತ್ತಾ ಒಂದು ಕೈ ಮೊದಲು ತಾಗಿಸಿದರೆ ಜಡ್ಜ್ ಕೈ ಎತ್ತುತ್ತಾರೆ, ನಿಮ್ಮ ವೇಳೆ ಲೆಕ್ಕಕ್ಕೆ ಬರುವುದಿಲ್ಲ. ಹೊಸಬರಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದೇ. ಎರಡನೆಯದು, ಒಂದು ಕಾಲು ನೆಟ್ಟಗೆ ಇನ್ನೊಂದು ಓರೆಯಾಗಿ ಒದೆಯುವ ಕತ್ತರಿ ಕಿಕ್. ಇದು ಈಜುವವರಿಗೆ ತಿಳಿಯುವುದಿಲ್ಲ. ಇವತ್ತೇ ಯಾರಿಂದಲಾದರೂ ಹಿಂದಿನಿಂದ ವಿಡಿಯೊ ತೆಗೆಸಿ ನೋಡಿ. ದಿನನಿತ್ಯದ ನಿಧಾನದ ಅಭ್ಯಾಸದಲ್ಲೂ ಪ್ರತಿ ಗೋಡೆಯನ್ನು ಎರಡು ಕೈಯಲ್ಲೇ ಮುಟ್ಟಿ. ಅಭ್ಯಾಸದಲ್ಲಿ ಸಡಿಲ ಬಿಟ್ಟದ್ದು ಗಾಬರಿಯಲ್ಲಿ ತಾನಾಗಿ ಸರಿಯಾಗುವುದಿಲ್ಲ.

ಜೊತೆಯವರು ರಿಲೇಗೆ ಕರೆದರೆ ಹಿಂದೆಮುಂದೆ ನೋಡದೆ ಒಪ್ಪಿಕೊಳ್ಳಿ. ಅಲ್ಲಿ ನಾಲ್ವರ ವಯಸ್ಸನ್ನು ಕೂಡಿಸಿ ವರ್ಗ ನಿರ್ಧರಿಸುತ್ತಾರೆ: 160–199, 200–239 ಹೀಗೆ. ನಿಮ್ಮ 50ರ ಜೊತೆ 39, 55, 61 ಸೇರಿದರೆ 205, ಅಂದರೆ 200–239ರ ತಂಡ. ತಂಡಕ್ಕೆ ನಿಮ್ಮ ವಯಸ್ಸೇ ಕೊಡುಗೆಯಾಗುವ ಜಾಗ ಅದು. ಮೊದಲ ಸ್ಪರ್ಧೆಯ ಬಿಗುವು ಸಡಿಲಾಗುವುದೂ ಅಲ್ಲೇ.

ಬಿಪಿ ಮಾತ್ರೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೋರಿನ ಅಭ್ಯಾಸ ಶುರುಮಾಡುವ ಮೊದಲು ವೈದ್ಯರಿಗೆ ‘ಈಜುತ್ತೇನೆ’ ಎಂದಷ್ಟೇ ಹೇಳದೆ ‘ಪೂರ್ತಿ ವೇಗದಲ್ಲಿ ಸ್ಪರ್ಧಿಸುತ್ತೇನೆ’ ಎಂದು ಬಿಡಿಸಿ ಹೇಳಿ. ಇಸಿಜಿ, ಅಗತ್ಯವೆನಿಸಿದರೆ ಟ್ರೆಡ್‌ಮಿಲ್ ಪರೀಕ್ಷೆ ಅವರೇ ಬರೆಯುತ್ತಾರೆ. ಮಾತ್ರೆ ಬೀಟಾ ಬ್ಲಾಕರ್ ಆಗಿದ್ದರೆ ಎದೆಬಡಿತ ಒಂದು ಮಿತಿಗಿಂತ ಮೇಲೇರುವುದಿಲ್ಲ. ವಾಚ್ ತೋರಿಸುವ ಬಡಿತವನ್ನು ನಂಬದೆ ಉಸಿರನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಮೂತ್ರ ಹೆಚ್ಚಿಸುವ ಡೈಯುರೆಟಿಕ್ ಬೆರೆತ ಮಾತ್ರೆಯಾಗಿದ್ದರೆ ಅದು ವಾಡಾದ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ) ನಿಷೇಧಿತ ಪಟ್ಟಿಯಲ್ಲಿದೆ. ನಿಮ್ಮ ಕೂಟದ ನಿಯಮದಲ್ಲಿ ವೈದ್ಯಕೀಯ ವಿನಾಯಿತಿ ಪತ್ರ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಸ್ಪರ್ಧೆಗಾಗಿ ಮಾತ್ರೆಯನ್ನು ನೀವಾಗಿ ನಿಲ್ಲಿಸುವುದು ಮಾತ್ರ ಎಂದಿಗೂ ಬೇಡ. ಎದೆ ಬಿಗಿತ, ತಲೆ ಸುತ್ತು, ನೀರಿನಲ್ಲಿದ್ದಾಗ ಕೆಮ್ಮಿನೊಡನೆ ಉಸಿರಾಟದ ಕಷ್ಟ ಕಂಡರೆ ಅಲ್ಲೇ ನಿಲ್ಲಿಸಿ, ಹೊರಗೆ ಬನ್ನಿ, ತಡಮಾಡದೆ ವೈದ್ಯರನ್ನು ಕಾಣಿ. ಹಾಗೆಯೇ, ಉಸಿರು ಬಿಗಿಹಿಡಿದು ನೀರಿನಡಿ ದೂರ ಹೋಗುವ ಪಂತವನ್ನು ಒಬ್ಬರೇ ಇರುವಾಗ ಎಂದೂ ಕಟ್ಟಬೇಡಿ. ಪ್ರಜ್ಞೆ ತಪ್ಪುವ ಮುನ್ಸೂಚನೆಯೇ ಸಿಗುವುದಿಲ್ಲ.

ಭುಜದ ನೋವು ಮಲಗಿದಾಗಲೂ ಕಾಡಿದರೆ ದೂರ ತಗ್ಗಿಸಿ ಫಿಸಿಯೋ ಬಳಿ ಹೋಗಿ. ಬ್ರೆಸ್ಟ್‌ಸ್ಟ್ರೋಕ್‌ನಿಂದ ಮಂಡಿಯ ಒಳಮಗ್ಗುಲು ನೋಯತೊಡಗಿದರೆ ಕಿಕ್‌ನ ಅಗಲ ಕಿರಿದು ಮಾಡಿ.

ಕೊನೆಯ ಹತ್ತು ದಿನ ದೂರವನ್ನು ಅರ್ಧಕ್ಕಿಳಿಸಿ. ವೇಗದ ನಾಲ್ಕಾರು 25 ಮೀಟರ್ ಮಾತ್ರ ಉಳಿಸಿಕೊಳ್ಳಿ. ಹೊಸ ಗಾಗಲ್ಸ್, ಹೊಸ ಈಜುಡುಪು ಆ ದಿನ ಮೊದಲ ಬಾರಿಗೆ ಹಾಕಬೇಡಿ. ಬೆಳಿಗ್ಗೆ ಹದಿನೈದು ಇಪ್ಪತ್ತು ನಿಮಿಷ ವಾರ್ಮ್ ಅಪ್ ಈಜಿ, ಅದೇ ಲೇನಿನ ಗೋಡೆಯನ್ನು ಮುಟ್ಟಿ ತಿರುಗಿ ನೋಡಿ, ಆಮೇಲೆ ಮೈ ಒರೆಸಿಕೊಂಡು ಬೆಚ್ಚಗಿನ ಬಟ್ಟೆ ತೊಟ್ಟುಕೊಳ್ಳಿ. ನಿಮ್ಮ ಹೀಟ್ ಕರೆದಾಗ ರೆಫ್ರಿ ಸಣ್ಣ ಸಣ್ಣ ಸೀಟಿ ಹಲವು ಸಲ ಊದುತ್ತಾರೆ: ಮೇಲುಡುಪು ತೆಗೆದು ಸಿದ್ಧವಾಗಿ ಎಂದರ್ಥ. ಆಮೇಲೆ ಒಂದು ಉದ್ದನೆಯ ಸೀಟಿ. ಉಳಿದವರು ಬ್ಲಾಕ್ ಹತ್ತುತ್ತಾರೆ, ನೀವು ನೀರಿಗಿಳಿದು ಗೋಡೆ ಹಿಡಿಯುತ್ತೀರಿ. ನೀರು ಎದೆಗೆ ತಾಗಿದ ಆ ಹೊತ್ತಿನಲ್ಲಿ ಬಾಯಿಂದ ಉಸಿರನ್ನು ಪೂರ್ತಿ ಹೊರಗೆ ಬಿಡಿ, ಎರಡು ಸಲ. ‘ಟೇಕ್ ಯುವರ್ ಮಾರ್ಕ್ಸ್’ ಎಂದ ಮೇಲೆ ಕದಲಬಾರದು. ಸಂಕೇತ ಬಂದಾಗ ಒದ್ದು ಹೊರಡಿ, ಜಾರಿ, ಮೇಲೆ ಬಂದ ಕೂಡಲೇ ಎಣಿಸತೊಡಗಿ: ಒಂದು, ಎರಡು, ಮೂರು. ಮುಗಿದ ಮೇಲೆ ಉಳಿದವರೆಲ್ಲ ಮುಟ್ಟುವವರೆಗೆ ನಿಮ್ಮ ಲೇನಿನಲ್ಲೇ ಇರಿ, ಅದು ಅಲ್ಲಿಯ ಮರ್ಯಾದೆ. ಹತ್ತಿದ ಮೇಲೆ ಕುಳಿತುಬಿಡದೆ ಐದು ನಿಮಿಷ ನಿಧಾನವಾಗಿ ಈಜಿ ಅಥವಾ ನಡೆದಾಡಿ.

ಆಮೇಲೆ ನನಗೆ ಮತ್ತೆ ಬರೆಯಿರಿ. ಒಟ್ಟು ವೇಳೆ ಮಾತ್ರ ಸಾಲದು, ಮೊದಲ 50 ಮತ್ತು ಎರಡನೆಯ 50ರ ವೇಳೆ ಬೇರೆ ಬೇರೆಯಾಗಿ ಬೇಕು. ಜೊತೆಗೆ ಮೊದಲ ಉದ್ದಕ್ಕೆ ಎಷ್ಟು ಕೈ ಹಾಕಿದಿರಿ ಎಂಬುದನ್ನೂ ಬರೆಯಿರಿ. ಆ ಮೂರು ಅಂಕಿ ಕೈಗೆ ಸಿಕ್ಕಿದರೆ ಎರಡನೆಯ ಸ್ಪರ್ಧೆಯ ತಯಾರಿಯನ್ನು ನಾವಿಬ್ಬರೂ ಅಲ್ಲಿಂದಲೇ ಶುರುಮಾಡಬಹುದು.